ಏಳೂವರೆ ಇಂಚಿಗೊಂದು ಮೋಟಾರು

"ಬರೋ ಭಾನುವಾರ ನಾಲ್ಕು ಗಂಟೆಯೊಳಗೆ ಆ ಡಿಶ್ಶು ಸ್ವಿಚ್ ಒತ್ತಿದರೆ ತಿರುಗಬೇಕು. ತಿರುಗಲಿಲ್ಲವೋ, ನಾನು ಇನ್‌ಸ್ಪೆಕ್ಟರೇ ಅಲ್ಲ!"

ತಾರಸಿಯ ಮೆಟ್ಟಿಲಿಳಿದು ಬಂದು, ನಡುಮನೆಯ ಮಧ್ಯೆ ನಿಂತು, ಅಂಗೈಗೆ ಅಂಟಿದ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಇನ್‌ಸ್ಪೆಕ್ಟರು ಈ ಶಪಥ ಮಾಡಿದರು. ಪೊಲೀಸ್ ಇನ್‌ಸ್ಪೆಕ್ಟರಲ್ಲ, ಲಿಫ್ಟ್ ಇನ್‌ಸ್ಪೆಕ್ಟರು. ಊರಿನ ಇನ್ನೂರ ಹದಿನಾರು ಲಿಫ್ಟುಗಳು ಮೇಲೆ ಹೋದವರನ್ನು ಕ್ಷೇಮವಾಗಿ ಕೆಳಗೆ ತರುತ್ತಿದ್ದುದು ಅವರ ಸಹಿಯ ಬಲದ ಮೇಲೆ. ಅಂಗಿಯ ಜೇಬಿನಲ್ಲಿ ಒಂದು ಟೇಪು, ಒಂದು ಪೆನ್ಸಿಲು, ಒಂದು ನೀಲಿ ನೋಟುಪುಸ್ತಕ, ಬಾಯಲ್ಲಿ ಒಂದೇ ಮಂತ್ರ: "ಅಳತೆ ಸುಳ್ಳು ಹೇಳೋದಿಲ್ಲ."

ಹೆಂಡತಿ ಸೋಫಾದ ಮೇಲೆ ಕಾಲು ನೀಡಿ, ಮಂಡಿಯ ಕೆಳಗೆ ಎರಡು ದಿಂಬು ಇಟ್ಟುಕೊಂಡು, ಯಾರದೋ ಅಂಗಿಗೆ ಕಾಜಾ ಹೊಲಿಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು:

"ಅದಕ್ಕೆ ಮೋಟಾರು ಯಾಕ್ರೀ? ಮೇಲೆ ಹೋದಾಗ ಮೊದಲು..."

"ನೀನು ಒಂದು ಮಾತೂ ಆಡಬೇಡ! ಡಾಕ್ಟರು ವಿಶ್ರಾಂತಿ ಅಂದಿದ್ದಾರೆ."

"ಅಂದಿದ್ದು ಮಂಡಿಗೆ. ಬಾಯಿಗಲ್ಲ."

"ಎಲ್ಲಾ ನನಗೆ ಬಿಡು. ನಿನ್ನನ್ನ ಒಂದು ಪ್ರಶ್ನೆ ಕೂಡ ಕೇಳದೆ ಮಾಡಿ ಮುಗಿಸ್ತೀನಿ. ಇನ್ನು ಮೇಲೆ ನೀನು ಆ ಮೆಟ್ಟಿಲು ಹತ್ತೋದೇ ಬೇಡ."

ಮಾತೇನೋ ದೊಡ್ಡದೇ. ಆದರೆ ಈ ಘೋಷಣೆಗೆ ಹತ್ತು ನಿಮಿಷ ಮುಂಚೆ ತಾರಸಿಯ ಮೇಲೆ ಏನು ನಡೆಯಿತು ಎಂಬುದು ಇನ್‌ಸ್ಪೆಕ್ಟರಿಗೆ ಮತ್ತು ಟ್ಯಾಂಕಿನ ಮೇಲೆ ಕೂತಿದ್ದ ಒಂದು ಕಾಗೆಗೆ ಮಾತ್ರ ಗೊತ್ತಿತ್ತು. ಅವರು ಡಿಶ್ಶನ್ನು ಒಂದು ಕೈಯಲ್ಲಿ ತಳ್ಳಿದ್ದರು. ಆಮೇಲೆ ಎರಡು ಕೈಯಲ್ಲಿ. ಆಮೇಲೆ ಬೆನ್ನು ಕೊಟ್ಟು. ಕೊನೆಗೆ ಕಾಲನ್ನು ಗೋಡೆಗೆ ಒತ್ತುಕೊಟ್ಟು, ಹಲ್ಲು ಕಚ್ಚಿ, ಕಣ್ಣು ಮುಚ್ಚಿ. ಡಿಶ್ಶು ಒಂದು ಬೆರಳಗಲ ಅಲ್ಲಾಡಿ, 'ಮುಗೀತಾ?' ಎಂಬಂತೆ ನಿಂತುಬಿಟ್ಟಿತು. ಕಾಗೆ ಹಾರಿಹೋಯಿತು. ನಗು ತಡೆಯಲಾರದೆ ಹೋಗಿರಬೇಕು.

ಈ ಮನೆಯಲ್ಲಿ ಡಿಶ್ಶಿನ ಕೆಲಸ ಹದಿನೈದು ವರ್ಷದಿಂದ ಎರಡು ಪಾಲಾಗಿತ್ತು. ಕೈ ಹೆಂಡತಿಯದು, ಬಾಯಿ ಗಂಡನದು. ಆರು ಅಡಿ ಅಗಲದ ಆ ಹಳೆಯ ಡಿಶ್ಶು ಎಂದಿನ ಚಾನೆಲ್ಲುಗಳಿಗೆ ಒಂದು ಉಪಗ್ರಹದ ಕಡೆ ನೋಡಬೇಕು, ಆಟೋಟದ ಚಾನೆಲ್ಲಿಗೆ ಇನ್ನೊಂದರ ಕಡೆ. ಅವಳು ಮೇಲೆ ಹೋಗಿ ತಿರುಗಿಸುತ್ತಿದ್ದಳು, ಇವರು ಟೀವಿ ಮುಂದೆ ಕೂತು "ಬಂತು! ಹೋಯ್ತು! ಸ್ವಲ್ಪ ವಾಪಸ್! ಅಯ್ಯೋ, ಅಷ್ಟಲ್ಲ!" ಎಂದು ಕೂಗುತ್ತಿದ್ದರು. ಎರಡೇ ನಿಮಿಷ. ಅವಳು ಇಳಿದು ಬರುವಾಗ ಏದುಸಿರು ಕೂಡ ಇರುತ್ತಿರಲಿಲ್ಲ. ಹೋದ ವಾರ ಬಸ್ಸಿನ ಮೆಟ್ಟಿಲಿನಿಂದ ಜಾರಿ ಮಂಡಿ ಉಳುಕಿಸಿಕೊಂಡ ಮೇಲೆ ಕೈಯ ಪಾಲೂ ಇನ್‌ಸ್ಪೆಕ್ಟರಿಗೇ ಬಂತು.

ಭಾನುವಾರ ನಾಲ್ಕಕ್ಕೆ ಅಂಥದ್ದೇನಿತ್ತು? ಟೇಬಲ್ ಟೆನಿಸ್ ಫೈನಲ್. ಈ ಮನೆಯಲ್ಲಿ ಯಾರಿಗೂ ಟೇಬಲ್ ಟೆನಿಸ್ಸಿನ ಗಂಧವಿಲ್ಲ. ಆದರೆ ಎತ್ತರದ ಕುರ್ಚಿಯ ಮೇಲೆ ಕೂತು ಕೈಯೆತ್ತಿ ಅಂಕ ತೋರಿಸುವ ಅಂಪೈರು ಹೆಂಡತಿಯ ಸ್ವಂತ ತಮ್ಮ. ಹದಿನೆಂಟು ವರ್ಷ ಶಾಲೆ ಕಾಲೇಜುಗಳ ಹಾಲಿನಲ್ಲಿ ಕೂತು ಕೂತು, ಮೊದಲ ಬಾರಿಗೆ ಟೀವಿಯಲ್ಲಿ ಬರುವ ದೊಡ್ಡ ಪಂದ್ಯಕ್ಕೆ ಅವನನ್ನು ಕರೆದಿದ್ದರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು: ಅವನು ಹಾಕಿಕೊಳ್ಳುವ ಕಡುನೀಲಿ ಕೋಟು ಅಕ್ಕನೇ ಹೊಲಿದದ್ದು. ತಮ್ಮ ದೂರದೂರಿನವನು, ಮೈಮೇಲೆ ಹಾಕಿಸಿ ನೋಡದೆ, ಬರೀ ಫೋನಿನಲ್ಲಿ ಅಳತೆ ಕೇಳಿ ಹೊಲಿದು ಪಾರ್ಸೆಲ್ ಮಾಡಿದ್ದಳು.

"ಅವನನ್ನ ಕೇಳಿದ್ರೆ 'ಚೆನ್ನಾಗಿದೆ ಅಕ್ಕಾ' ಅಂತಾನೆ. ಗೋಣಿಚೀಲ ಕಳಿಸಿದ್ರೂ ಹಾಗೇ ಅಂತಾನೆ" ಎನ್ನುತ್ತಿದ್ದಳು. "ಅವನು ಕೈ ಎತ್ತಿದಾಗ ಭುಜ ಕೂತಿರುತ್ತೋ, ಉಬ್ಬಿ ಗೂಡು ಕಟ್ಟುತ್ತೋ, ನನ್ನ ಕಣ್ಣಾರೆ ನೋಡಬೇಕು."

ಅಂಗೈ ಅಗಲದ ಫೋನಿನಲ್ಲಿ ಭುಜದ ಹೊಲಿಗೆ ಏನು ಕಂಡೀತು? ಟೀವಿಯೇ ಆಗಬೇಕು. ಮರುಪ್ರಸಾರವೂ ಇಲ್ಲ.

ಹಾಗಾಗಿ ಇನ್‌ಸ್ಪೆಕ್ಟರು ಹೆಂಡತಿಯ ಮುಂದೆ 'ನನ್ನ ಕೈಲಿ ತಿರುಗಲಿಲ್ಲ' ಎನ್ನಲಾರದೆ, 'ನಿನಗೋಸ್ಕರ ಮೋಟಾರು' ಎಂದುಬಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ವೈಜ್ಞಾನಿಕ ಕಾರ್ಯಾಚರಣೆ ಶುರುವಾಯಿತು. ಮೊದಲು ದೂರ: ಡಿಶ್ಶಿನ ನಡುವಿನಿಂದ ಅಂಚಿಗೆ ಮೂರು ಅಡಿ, ತಿರುಗಬೇಕಾದ್ದು ಹನ್ನೆರಡು ಡಿಗ್ರಿ, ಎಂದರೆ ಅಂಚು ಸರಿಯಬೇಕಾದ್ದು ಏಳೂವರೆ ಇಂಚು. ಆಮೇಲೆ ಬಲ. ಆಫೀಸಿನ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಡಿಶ್ಶಿನ ಹಿಂಬದಿಯ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ಎಳೆದರು. ಹತ್ತು, ಇಪ್ಪತ್ತು, ಮೂವತ್ತೈದು... ಮುಳ್ಳು ಐವತ್ತರ ಕೊನೆಯ ಗೆರೆಗೆ ಹೋಗಿ ನಿಂತಿತು. ಡಿಶ್ಶೂ ನಿಂತೇ ಇತ್ತು.

ಕಂಬದ ತುದಿಯಲ್ಲಿ, ಡಿಶ್ಶು ತಿರುಗುವ ಜಾಗಕ್ಕೆ, ಒಂದು ಕಪ್ಪು ರೆಕ್ಸಿನ್ ಕವಚವಿತ್ತು. ಮಳೆನೀರು ಇಳಿದು ತುಕ್ಕು ಹಿಡಿಯಬಾರದೆಂದು ಹೆಂಡತಿಯೇ ಅಳತೆಗೆ ಸರಿಯಾಗಿ, ಕುಪ್ಪಸದಂತೆ ಹೊಲಿದು, ಹಿಂದೆ ಜಿಪ್ಪು ಕೂಡ ಇಟ್ಟಿದ್ದಳು. ಇನ್‌ಸ್ಪೆಕ್ಟರು ಅದನ್ನು ಸುತ್ತ ನೋಡಿ, ಹೊಲಿಗೆ ಬಿಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ನೀಲಿ ಪುಸ್ತಕದಲ್ಲಿ ಬರೆದರು: 'ತಿರುಗಣಿ: ಹೊದಿಕೆ ಇದೆ. ಸುಸ್ಥಿತಿ.' ಅದರ ಕೆಳಗೆ: 'ತಿರುಗಿಸಲು ಬೇಕಾದ ಬಲ: ಐವತ್ತು ಕೆ.ಜಿ.ಗೂ ಮೇಲೆ.'

ಬರೆದಾದ ಮೇಲೆ ಪೆನ್ಸಿಲು ಗಾಳಿಯಲ್ಲೇ ನಿಂತಿತು.

ಒಂದು ನಿಮಿಷ. ಐವತ್ತು ಕೆ.ಜಿ.ಗೂ ಮೇಲೆ. ಇದನ್ನು ಹೆಂಡತಿ ಹದಿನೈದು ವರ್ಷದಿಂದ, ವಾರಕ್ಕೆ ಎರಡು ಸಲ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದುಕೊಂಡು ತಿರುಗಿಸುತ್ತಿದ್ದಳು! ಏದುಸಿರಿಲ್ಲದೆ! ಅಳತೆ ಸುಳ್ಳು ಹೇಳೋದಿಲ್ಲ. ಇನ್‌ಸ್ಪೆಕ್ಟರು ಮೆಟ್ಟಿಲ ಕಡೆ ಒಮ್ಮೆ ತಿರುಗಿ ನೋಡಿದರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಎಷ್ಟು ಸಲ ಜಗಳವಾಡಿದ್ದರು! ಎಷ್ಟೊಂದು ಸಲ ಕೈಯೆತ್ತಿ, ಬೆರಳು ತೋರಿಸಿ ಮಾತಾಡಿದ್ದರು! ಪಾಪ, ಅವಳು ಎಷ್ಟು ತಡೆದುಕೊಂಡಿರಬೇಕು! ಅದೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು ಸೇರಿಸಿದರು: 'ಹೆಂಡತಿ: ಐವತ್ತು ಕೆ.ಜಿ.ಗೂ ಮೇಲೆ (ಒಂದೇ ಕೈ).'

ಅಂದು ಸಂಜೆ ಅಡುಗೆಮನೆಯಲ್ಲಿ ಅವರು ಚಹಾ ಮಾಡಿ, ಬಾಗಿಲಲ್ಲಿ ನಿಂತು ಕೇಳಿದರು: "ಚಹಾ ಕುಡೀತೀರಾ?"

ಹೆಂಡತಿ ಹಿಂದಕ್ಕೆ ತಿರುಗಿ ನೋಡಿದಳು. "ಯಾರು ಬಂದಿದ್ದಾರೆ?"

"ಯಾರೂ ಇಲ್ಲ. ನಿನ್ನನ್ನೇ ಕೇಳಿದ್ದು."

"ಜ್ವರ ಗಿರ ಬಂದಿದೆಯೇನ್ರೀ?"

ರಾತ್ರಿ ಊಟಕ್ಕೆ ಕೂತಾಗ ಅವಳು ಒಂದು ಗಾಜಿನ ಡಬ್ಬಿ ಮುಂದೆ ಚಾಚಿದಳು. "ಮುಚ್ಚಳ ಬಿಗಿಯಾಗಿದೆ, ತೆಗೆದುಕೊಡಿ."

"ನೀನೇ ತೆಗೀಬಹುದಲ್ಲ" ಎಂದರು ಇನ್‌ಸ್ಪೆಕ್ಟರು, ವಿನಯದಿಂದ.

"ಆಗಿದ್ರೆ ನಿಮಗ್ಯಾಕೆ ಕೊಡ್ತಿದ್ದೆ?"

ಇನ್‌ಸ್ಪೆಕ್ಟರು ಮುಚ್ಚಳ ತೆಗೆದುಕೊಟ್ಟು ಮನಸ್ಸಿನಲ್ಲೇ ತಲೆದೂಗಿದರು. ನಿಜವಾದ ಬಲಶಾಲಿಗಳು ಬಲ ತೋರಿಸಿಕೊಳ್ಳುವುದಿಲ್ಲ!

ಮಂಗಳವಾರ ಮೋಟಾರು ರಿಪೇರಿ ಅಂಗಡಿ. ಅಂಗಡಿಯವನು ಇನ್‌ಸ್ಪೆಕ್ಟರ ಹಳೆಯ ಪರಿಚಯದವನು. ಲಿಫ್ಟಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ಕೊಡುವುದು ಅವನೇ. ಮೂಗಿನ ತುದಿಗೆ ಕನ್ನಡಕ, ಕಿವಿಯ ಮೇಲೆ ಸ್ಕ್ರೂಡ್ರೈವರು.

"ಡಿಶ್ ತೂಕ ಎಷ್ಟು ಸಾರ್?"

"ಮೂವತ್ತೆಂಟು ಕೆ.ಜಿ."

"ಹಾಗಿದ್ರೆ ಒಂದು ವೈಪರ್ ಮೋಟಾರು ಧಾರಾಳ. ಲಾರಿ ಗಾಜು ಒರೆಸೋದು. ತಗೊಂಡು ಹೋಗಿ."

ಅಂದೇ ಸಂಜೆ ಅದನ್ನು ಕೂರಿಸಿ, ಸರಪಳಿ ಹಾಕಿ, ಸ್ವಿಚ್ಚು ಒತ್ತಿದರು. ಡಿಶ್ಶು ಒಂದು ಬೆರಳಗಲ ಸರಿಯಿತು. "ಬಂತು!" ಎಂದು ಇನ್‌ಸ್ಪೆಕ್ಟರು ಒಬ್ಬರೇ ಕುಣಿದರು. ಆಮೇಲೆ ಮೋಟಾರು ಗುಂಯ್ ಎಂದಿತು. ಆಮೇಲೆ ಮುಲುಗಿತು. ಆಮೇಲೆ ಅದರ ಹೊಟ್ಟೆಯಿಂದ ತೆಳ್ಳಗೆ ನೀಲಿ ಹೊಗೆ ಎದ್ದಿತು.

ಕೆಳಗಿನಿಂದ ಹೆಂಡತಿಯ ಕೂಗು: "ರೀ, ಏನೋ ಸುಟ್ಟ ವಾಸನೆ!"

"ಪಕ್ಕದ ಮನೆಯದು!"

"ಪಕ್ಕದ ಮನೆ ಬೀಗ ಹಾಕಿ ಹದಿನೈದು ದಿನ ಆಯ್ತು!"

ಗುರುವಾರ ಮತ್ತೆ ಅಂಗಡಿ. ಸತ್ತ ಮೋಟಾರನ್ನು ಮೂಸಿ ನೋಡಿ ಅಂಗಡಿಯವನು ಹೇಳಿದ: "ಸಾರ್, ಮೂವತ್ತೆಂಟು ಕೆ.ಜಿ. ಡಿಶ್ ತಿರುಗಿಸೋಕೆ ಐವತ್ತಕ್ಕಿಂತ ಜಾಸ್ತಿ ಬಲ ಬೇಕು ಅಂದ್ರೆ ಎಲ್ಲೋ ಏನೋ ಹಿಡಿದುಕೊಂಡಿದೆ. ತಿರುಗೋ ಜಾಗಕ್ಕೆ ಕವಚ ಇದೆ ಅಂದ್ರಲ್ಲ, ಅದನ್ನ ಬಿಚ್ಚಿ ಒಳಗೆ ನೋಡಿ."

"ಬಿಚ್ಚೋದು ಬೇಡ. ಅದು ನನ್ನ ಹೆಂಡತಿ ಹೊಲಿದಿದ್ದು, ಸುಸ್ಥಿತಿಯಲ್ಲಿದೆ. ಹಿಡಿದುಕೊಂಡೂ ಇಲ್ಲ. ಅವಳು ವಾರಕ್ಕೆ ಎರಡು ಸಲ ಒಂದು ಕೈಲಿ ತಿರುಗಿಸ್ತಿದ್ದಳು."

"ಯಾರು, ಮನೆಯವರಾ?"

"ಹೂಂ."

"ಒಂದೇ ಕೈಲಿ?"

"ಒಂದೇ ಕೈಲಿ."

ಅಂಗಡಿಯವನು ಕಿವಿಯ ಮೇಲಿದ್ದ ಸ್ಕ್ರೂಡ್ರೈವರನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. ದನಿ ತಗ್ಗಿಸಿ ಹೇಳಿದ: "ಸಾರ್, ಮನೇಲಿ ಸ್ವಲ್ಪ ಹುಷಾರಾಗಿರಿ."

ಆಮೇಲೆ ಇಬ್ಬರೂ ಲೆಕ್ಕಕ್ಕೆ ಕೂತರು. ತಕ್ಕಡಿಯ ಅಳತೆ ಮೀರಿದ್ದರಿಂದ ಅರವತ್ತು ಎಂದಿಟ್ಟುಕೊಳ್ಳೋಣ. ಲಿಫ್ಟಿನ ಹಗ್ಗಕ್ಕಾದರೆ ಹತ್ತು ಪಟ್ಟು ಸುರಕ್ಷತೆ. ಡಿಶ್ಶಿನಲ್ಲಿ ಯಾರೂ ಕೂತು ಪ್ರಯಾಣ ಮಾಡುವುದಿಲ್ಲವಾದ್ದರಿಂದ ಇನ್‌ಸ್ಪೆಕ್ಟರು ಉದಾರ ಮನಸ್ಸಿನಿಂದ ಐದು ಪಟ್ಟಿಗೆ ಇಳಿದರು. ಅರವತ್ತು ಐದಲೆ ಮುನ್ನೂರು. ಮುನ್ನೂರು ಕೆ.ಜಿ. ಎಳೆಯುವ ಮೋಟಾರು ಅಂಗಡಿಯಲ್ಲಿ ಒಂದೇ ಇತ್ತು: ದೊಡ್ಡ ಮಳಿಗೆಗಳ ಕಬ್ಬಿಣದ ಶಟರ್ ಎತ್ತುವುದು! ಕುಂಬಳಕಾಯಿ ಗಾತ್ರ, ಜೊತೆಗೆ ಮೂರು ಗುಂಡಿಯ ರಿಮೋಟು, ಅದಕ್ಕೆ ಉದ್ದನೆಯ ವಯರು.

"ಸರಿ ಸಾರ್, ಇದು ಎಳೆಯುತ್ತೆ. ವಾಪಸ್ ತಿರುಗಿಸೋದು ಹೇಗೆ?"

"ಅದು ಎರಡನೇ ಹಂತ" ಎಂದರು ಇನ್‌ಸ್ಪೆಕ್ಟರು.

ಶನಿವಾರವಿಡೀ ಜೋಡಣೆ. ಮೋಟಾರಿಗೆ ಗಟ್ಟಿ ಆಧಾರ ಬೇಕಲ್ಲ! ತಾರಸಿಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ನೀರಿನ ಟ್ಯಾಂಕು. ಕಬ್ಬಿಣದ ನಾಲ್ಕು ಕಾಲಿನ ಸ್ಟ್ಯಾಂಡು, ಮೇಲೆ ಐನೂರು ಲೀಟರು ನೀರು. ಮೋಟಾರನ್ನು ಸ್ಟ್ಯಾಂಡಿನ ಕಾಲಿಗೆ ಬೋಲ್ಟು ಮಾಡಿ, ಅಲ್ಲಿಂದ ಡಿಶ್ಶಿನ ಚೌಕಟ್ಟಿಗೆ ಲಿಫ್ಟಿನದೇ ಉಕ್ಕಿನ ಹಗ್ಗ ಕಟ್ಟಿದರು. ಪುಸ್ತಕದಲ್ಲಿ ಬರೆದರು: 'ಆಧಾರ: ಐನೂರು ಕೆ.ಜಿ. ಅಲುಗುವ ಪ್ರಶ್ನೆಯೇ ಇಲ್ಲ.'

ಭಾನುವಾರ ಮನೆಯ ಬಟ್ಟೆಯೆಲ್ಲ ಒಗೆಯುವ ದಿನ ಎಂಬುದನ್ನು ಬರೆಯಲಿಲ್ಲ. ಮೂರೂವರೆ ಗಂಟೆಗೆ ಟ್ಯಾಂಕಿನಲ್ಲಿ ಉಳಿದಿದ್ದುದು ಮೂರರಲ್ಲಿ ಒಂದು ಪಾಲು.

ಹೆಂಡತಿ ಒಳ್ಳೆಯ ಸೀರೆ ಉಟ್ಟು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಟೀವಿ ಮುಂದೆ ಕೂತಾಗಿತ್ತು. ಪರದೆ ಪೂರ್ತಿ ಇರುವೆಗಳು. ಇನ್‌ಸ್ಪೆಕ್ಟರು ತಾರಸಿಯಲ್ಲಿ ಡಿಶ್ಶಿನ ಮುಂದೆ, ಟ್ಯಾಂಕಿಗೆ ಬೆನ್ನು ಹಾಕಿ, ಒಂದು ಕೈಯಲ್ಲಿ ರಿಮೋಟು ಇನ್ನೊಂದರಲ್ಲಿ ಪುಸ್ತಕ ಹಿಡಿದು ನಿಂತರು. ಈಗ ಬಾಯಿ ಅವಳದು, ಕೈ ಇವರದು!

"ಶುರು ಮಾಡ್ತಿದ್ದೀನಿ! ಬಂದ ತಕ್ಷಣ ಹೇಳು!"

ಗುಂಡಿ ಒತ್ತಿದರು. ಮೋಟಾರು ಗಂಭೀರವಾಗಿ ಗುರುಗುಟ್ಟಿತು. ಹೊಗೆಯಿಲ್ಲ, ಮುಲುಗಾಟವಿಲ್ಲ. ಹಗ್ಗ ಬಿಗಿಯಿತು. ಡಿಶ್ಶು ಒಂದು ಬೆರಳಗಲ ಸರಿಯಿತು, ನಿಂತಿತು. ಹಗ್ಗ ಮಾತ್ರ ಸುತ್ತಿಕೊಳ್ಳುತ್ತಲೇ ಇತ್ತು. ಇನ್‌ಸ್ಪೆಕ್ಟರು ಡಿಶ್ಶಿನಿಂದ ಕಣ್ಣು ಕೀಳದೆ ಕೂಗಿದರು:

"ಬಂತಾ?"

"ಬಂತು!" ಎಂದಳು ಹೆಂಡತಿ.

"ಸ್ಪಷ್ಟವಾಗಿದೆಯಾ?"

"ತಿಳಿಯಾಗಿದೆ! ಈಗ ನಾಲ್ಕನೇ ಮೆಟ್ಟಿಲಿಗೆ ಬಂತು!"

ನಾಲ್ಕನೇ ಮೆಟ್ಟಿಲು? ಇನ್‌ಸ್ಪೆಕ್ಟರು ಕ್ರಮಬದ್ಧವಾಗಿ ಯೋಚಿಸಿದರು. ಹಗ್ಗ ಎರಡು ಅಡಿ ಗಿಡ್ಡವಾಗಿದೆ. ಹಗ್ಗದ ಈ ತುದಿ ಅಲ್ಲಾಡಿಲ್ಲ. ಹಗ್ಗಕ್ಕೆ ಇರುವುದು ಎರಡೇ ತುದಿ. ಹಾಗಾದರೆ...

ತಿರುಗಿ ನೋಡಿದರು. ಟ್ಯಾಂಕು, ಹಳೆಯ ನೆಂಟರ ಹಾಗೆ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ ಬಂದು ನಿಂತಿತ್ತು! ಹಿಂದೆ ನಾಲ್ಕು ಕಾಲಿನ ನಾಲ್ಕು ಗೆರೆ. ಆಚೆ ಕಿತ್ತುಬಂದ ಪೈಪಿನಿಂದ ನೀರು ಚಿಮ್ಮಿ, ತಾರಸಿಯ ಬಾಗಿಲು ದಾಟಿ, ಸಾಲಾಗಿ ಮೆಟ್ಟಿಲಿಳಿಯುತ್ತಿತ್ತು.

"ನಿಲ್ಲು!" ಎಂದು ಮೊದಲು ಟ್ಯಾಂಕಿಗೆ ಹೇಳಿದರು. ಆಮೇಲೆ ನೆನಪಾಗಿ ರಿಮೋಟಿನ ಗುಂಡಿ ಒತ್ತಿದರು. ಚಪ್ಪಲಿ ಬಿಟ್ಟು ಓಡಿ, ಪೈಪಿನ ಬಾಯಿಗೆ ತಮ್ಮ ಕರವಸ್ತ್ರ ತುರುಕಿದರು.

ಮೆಟ್ಟಿಲ ಬುಡದಿಂದ ಹೆಂಡತಿಯ ದನಿ ಬಂತು. ಕುಂಟುತ್ತಾ ಅಲ್ಲಿಯವರೆಗೆ ಬಂದಿದ್ದಳು. "ಮೂರು ಐವತ್ತಾಯ್ತು ರೀ! ಮೇಲೆ ಏನು ಮಾಡ್ತಿದ್ದೀರಿ? ಡಿಶ್ಶು ತಿರುಗಿಸೋಕೆ ಇಷ್ಟು ಹೊತ್ತಾ?"

ಇನ್‌ಸ್ಪೆಕ್ಟರು ಆಕಾಶ ನೋಡಿದರು. ಕಾಗೆ ವಾಪಸ್ ಬಂದಿತ್ತು. ಹತ್ತೇ ನಿಮಿಷ. ಮರ್ಯಾದೆಯೋ, ಕೋಟಿನ ಭುಜವೋ? ಅವರು ಗಂಟಲು ಸರಿಮಾಡಿಕೊಂಡು, ವಾರದಿಂದ ನುಂಗಿಕೊಂಡಿದ್ದ ಮಾತನ್ನು ಕೊನೆಗೂ ಹೊರಗೆ ಹಾಕಿದರು.

"ಇದು... ನನ್ನ ಕೈಲಿ ತಿರುಗ್ತಾ ಇಲ್ಲ ಕಣೇ. ನೀನು ಹೇಗೆ ತಿರುಗಿಸ್ತಿದ್ದೆ?"



"ಜಿಪ್ಪು ತೆಗೆದ್ರಾ?"

"ಯಾವ ಜಿಪ್ಪು?"

"ಕವಚದ ಹಿಂದಿನ ಜಿಪ್ಪು! ಒಳಗೆ ಕಬ್ಬಿಣದ ಪಿನ್ನು ಇದೆಯಲ್ಲಾ! ಗಾಳಿಗೆ ಡಿಶ್ಶು ತಿರುಗದೆ ಇರ್ಲಿ ಅಂತ ಹಾಕಿರೋದು! ಅದನ್ನ ಕೀಳಬೇಕು, ತಿರುಗಿಸಬೇಕು, ನೀಲಿ ದಾರ ಕಟ್ಟಿರೋ ತೂತಿಗೆ ಮತ್ತೆ ಹಾಕಬೇಕು. ಅಷ್ಟೇ!"

ಇನ್‌ಸ್ಪೆಕ್ಟರು ಜಿಪ್ಪು ಎಳೆದರು. ಹೆಬ್ಬೆರಳು ದಪ್ಪದ ಉಕ್ಕಿನ ಪಿನ್ನು, ಕಂಬವನ್ನೂ ಡಿಶ್ಶನ್ನೂ ಸೇರಿಸಿ ಹೊಲಿದ ಹಾಗೆ, ಕೂತಿತ್ತು. ಎಂದಿನ ಚಾನೆಲ್ಲುಗಳ ಕೆಂಪು ದಾರದ ತೂತಿನಲ್ಲಿ. ಆರು ದಿನ ಅವರು ಅಳೆದದ್ದು ಡಿಶ್ಶನ್ನಲ್ಲ, ಬೀಗವನ್ನು! ಹಗ್ಗ ಸಡಿಲಿಸಿ, ಸುತ್ತಿಗೆಯಿಂದ ಮೂರು ಏಟು ಕೊಟ್ಟ ಮೇಲೆ ಪಿನ್ನು ಹೊರಬಂತು. ಮುನ್ನೂರು ಕೆ.ಜಿ.ಯ ಮೋಟಾರು ಕೊಟ್ಟ ಪೆಟ್ಟಿಗೆ ಅದು ಬಾಳೆಹಣ್ಣಿನಂತೆ ಬಾಗಿತ್ತು.

ಡಿಶ್ಶಿಗೆ ಕಿರುಬೆರಳು ತಾಗಿಸಿದರು. ಅದು ತೊಟ್ಟಿಲಿನಂತೆ, ಸದ್ದಿಲ್ಲದೆ, ಏಳೂವರೆ ಇಂಚು ತಿರುಗಿತು.

"ಬಂತು!" ಈ ಸಲ ಟೀವಿಯಲ್ಲೇ. "ಹೋಯ್ತು! ಸ್ವಲ್ಪ ವಾಪಸ್! ಅಯ್ಯೋ, ಅಷ್ಟಲ್ಲ! ಹಾಂ, ಹಾಂ, ಅಲ್ಲೇ! ಪಿನ್ನು ಹಾಕಿ ಬನ್ನಿ!"

ಬಾಗಿದ ಪಿನ್ನು ನೀಲಿ ದಾರದ ತೂತಿಗೆ ಹೋಗುತ್ತದೆಯೇ? ಹೋಗಲಿಲ್ಲ. ಸಂಜೆಯ ಗಾಳಿ ಬೇರೆ ಎದ್ದಿತ್ತು. ಕೈ ಬಿಟ್ಟರೆ ಆರು ಅಡಿಯ ಡಿಶ್ಶು ತನಗೆ ಮನಸ್ಸು ಬಂದ ಕಡೆ ತಿರುಗುತ್ತಿತ್ತು. ಇನ್‌ಸ್ಪೆಕ್ಟರು ಎರಡೂ ಕೈಯಲ್ಲಿ ಅಂಚು ಹಿಡಿದು ನಿಂತರು. ಬಿಡುವ ಹಾಗಿಲ್ಲ. ಪಂದ್ಯ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ಕಾಲ ಕೆಳಗೆ ನೀರು, ತಲೆಯ ಮೇಲೆ ಬಿಸಿಲು, ಬೆನ್ನಿಗೆ ಒರಗಿ ಟ್ಯಾಂಕು.

"ಕಾಣಿಸ್ತಾನಾ?" ಎಂದು ಕೂಗಿದರು.

"ಮೊಣಕೈ ಕಾಣಿಸ್ತಿದೆ! ಅಲ್ಲಾಡಬೇಡಿ!"

ಐದು ನಿಮಿಷದ ಮೇಲೆ: "ಈಗ?"

"ಕುರ್ಚಿ ಕಾಣಿಸ್ತಿದೆ! ಉಸಿರು ಬಿಗಿ ಹಿಡೀರಿ! ಹಾಂ... ಕೈ ಎತ್ತಿದ! ರೀ, ಕೈ ಎತ್ತಿದ!"

ಆಮೇಲೆ ಸದ್ದೇ ಇಲ್ಲ. ಇನ್‌ಸ್ಪೆಕ್ಟರು ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಗೂಡು ಕಟ್ಟಿತೋ ಏನೋ.

"ಭುಜ?" ಎಂದು ಮೆಲ್ಲಗೆ ಕೇಳಿದರು.

"ಕೂತಿದೆ" ಎಂದಳು. ಆ ಒಂದು ಮಾತು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಸ್ವಲ್ಪ ಒದ್ದೆಯಾಗಿತ್ತು. "ಒಂದು ನೆರಿಗೆ ಇಲ್ಲ ರೀ. ಅಚ್ಚಿನಲ್ಲಿ ಹುಯ್ದ ಹಾಗೆ ಕೂತಿದೆ."

ಪಂದ್ಯ ಮುಗಿದ ಮೇಲೆ ಇನ್‌ಸ್ಪೆಕ್ಟರು ಇಳಿದು ಬಂದರು. ಎರಡೂ ತೋಳು ಮುಂದಕ್ಕೆ ಚಾಚಿಯೇ ಇದ್ದವು, ಮಡಚಲು ಬರುತ್ತಿರಲಿಲ್ಲ. ಸೋಫಾದ ತುದಿಯಲ್ಲಿ ಕೂತು ಕೇಳಿದರು: "ಅಲ್ಲ, ಮೈಮೇಲೆ ಹಾಕಿಸಿ ನೋಡದೆ, ಅಷ್ಟು ದೂರದಿಂದ, ಕರಾರುವಾಕ್ಕಾಗಿ ಹೇಗೆ ಹೊಲಿದೆ?"

"ಕೇಳಿದೆ" ಎಂದಳು ಹೆಂಡತಿ. "ಫೋನ್ ಮಾಡಿ, ದಾರ ಹಿಡ್ಕೊಂಡು ಅಳೆಯೋ ಅಂದೆ. ಅಳೆದು ಹೇಳಿದ. ಅನುಮಾನ ಬಂದಲ್ಲಿ ಮತ್ತೆ ಕೇಳಿದೆ."

ಇನ್‌ಸ್ಪೆಕ್ಟರು ತಮ್ಮ ಒದ್ದೆ ಪಾದಗಳನ್ನು ನೋಡಲು ಬಾಗಿದರು.

ಅಷ್ಟರಲ್ಲಿ ಅವರ ಒದ್ದೆ ಅಂಗಿಯ ಜೇಬಿನಿಂದ ನೀಲಿ ಪುಸ್ತಕ ಜಾರಿ ಅವಳ ಮಡಿಲಿಗೆ ಬಿತ್ತು. ಅವಳು ತೆರೆದು ಓದಿದಳು. ಒಂದು ಸಲ ಓದಿ, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದಳು.

"'ಹೆಂಡತಿ: ಐವತ್ತು ಕೆ.ಜಿ.ಗೂ ಮೇಲೆ, ಒಂದೇ ಕೈ.' ಇದೇನ್ರೀ?"

"ಅದು... ತಪ್ಪು ಅಳತೆ. ಕೊಡು ಇಲ್ಲಿ, ಅಳಿಸಿಬಿಡ್ತೀನಿ."

"ಇರಿ, ಇರಿ. ಸೋಮವಾರದಿಂದ ಚಹಾ ಮಾಡಿಕೊಟ್ಟು, ಬೆರಳು ತೋರಿಸದೆ, ದನಿ ಎತ್ತದೆ, 'ಕುಡೀತೀರಾ, ಕೂತ್ಕೋತೀರಾ' ಅಂತಿದ್ದಿದ್ದು ಇದಕ್ಕಾ?"

ಇನ್‌ಸ್ಪೆಕ್ಟರು ಚಾಚಿದ ತೋಳುಗಳ ನಡುವೆ ತಲೆ ತಗ್ಗಿಸಿದರು. ಹೆಂಡತಿ ನಕ್ಕಳು. ನಕ್ಕು ನಕ್ಕು ಮಂಡಿ ನೋವೆಂದು ನಿಲ್ಲಿಸಿದಳು. ಆಮೇಲೆ ಅವರ ಜೇಬಿಗೆ ಕೈ ಹಾಕಿ ಪೆನ್ಸಿಲು ಎತ್ತಿಕೊಂಡು ತನ್ನ ಹೊಲಿಗೆ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

"ಒಂದು ಅಕ್ಷರವೂ ತಿದ್ದಬೇಡಿ. ಅಳತೆ ಸುಳ್ಳು ಹೇಳೋದಿಲ್ಲ ಅಂತ ನೀವೇ ತಾನೆ ಹೇಳೋದು?" ಎಂದಳು. "ಈಗ ಹೋಗಿ ಮೆಟ್ಟಿಲು ಒರೆಸಿ. ಆಮೇಲೆ ಚಹಾ ತನ್ನಿ, ಕುಡೀತೀನಿ."